ತಂತಿಗೆ ಚುಚ್ಚಿಟ್ಟ ಕಾರ್ಡು

ನಡೆಯಲಾರದ್ದು ನಡೆಯಿತೆಂದು ಹೇಳುವವರನ್ನು ನಾನು ಬಹುಕಾಲ ಎರಡೇ ಗುಂಪಿಗೆ ಸೇರಿಸುತ್ತಿದ್ದೆ: ಸುಳ್ಳು ಹೇಳುವವರು, ಸರಿಯಾಗಿ ನೋಡದವರು. ಈಗ ಬರೆಯಹೊರಟಿರುವ ಸಂಗತಿಯಾದ ಮೇಲೆ ನನ್ನನ್ನೇ ಮೊದಲನೆಯ ಗುಂಪಿಗೆ ಸೇರಿಸಿದವರು ಹಲವರು. ಅವರ ಹೆಸರುಗಳೆಲ್ಲ ನೆನಪಿವೆ. ಅವರಲ್ಲಿ ಒಬ್ಬರೂ ಇಂದಿನವರೆಗೆ ಕ್ಷಮೆ ಕೇಳಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಹುನಗುಂದದಲ್ಲಿ ಹೈಸ್ಕೂಲು ಮಾಸ್ತರನಾಗಿದ್ದೆ. ಹಳೆಯ ಶಾಸನಗಳಲ್ಲಿ ಆಸಕ್ತಿಯುಳ್ಳ ಕೆಲವರು ಸೇರಿ ಆಗ ಒಂದು ಪತ್ರಬಳಗ ಕಟ್ಟಿಕೊಂಡಿದ್ದೆವು. ಬಾಗಲಕೋಟೆ, ಬಾದಾಮಿ, ಅಮೀನಗಡ, ಇಳಕಲ್ಲಿನ ಸದಸ್ಯರು ತಮ್ಮ ಊರ ಸುತ್ತಿನ ಕಲ್ಲುಗಳ ಬಗ್ಗೆ ನನಗೆ ಕಾರ್ಡು ಬರೆಯುವುದು. ನಾನು ಓದಿ, ತಕ್ಕದ್ದನ್ನು ಆರಿಸಿ, ಮೇಣದ ಹಾಳೆಯ ಸ್ಟೆನ್ಸಿಲ್ ಕೊರೆದು, ಸೈಕ್ಲೊಸ್ಟೈಲ್ ಯಂತ್ರದಲ್ಲಿ ಪ್ರತಿ ತೆಗೆದು, ತಿಂಗಳಿಗೊಮ್ಮೆ ಎಲ್ಲರಿಗೂ ಅಂಚೆಗೆ ಹಾಕುವುದು. ತಕ್ಕದ್ದಲ್ಲದ ಕಾರ್ಡುಗಳನ್ನು ಮೇಜಿನ ಮೇಲಿನ ತಂತಿಗೆ ಚುಚ್ಚಿಡುತ್ತಿದ್ದೆ. ಅಂಗಡಿಗಳಲ್ಲಿ ಚೀಟಿ ಚುಚ್ಚುವ, ಮರದ ಬುಡದ ಮೇಲೆ ನಿಲ್ಲಿಸಿದ ಚೂಪು ತಂತಿ ಅದು. ಅದಕ್ಕೇರಿದ ಕಾರ್ಡು ಮುಂದೆ ಯಾರಿಗೂ ಹೋಗುತ್ತಿರಲಿಲ್ಲ. ಸದಸ್ಯರ ವಿಳಾಸಗಳು ನನ್ನಲ್ಲಿ ಮಾತ್ರ ಇದ್ದವು. ಸ್ಟೆನ್ಸಿಲ್ಲಿಗೆ ಬೇರೆಯವರ ಕೈ ಸೋಕಿದ್ದಿಲ್ಲ.

ಕಲ್ಲಿನ ವಿಷಯ ಬಿಟ್ಟು ಮನೆಯ ವಿಷಯ ಹಾಕಬಾರದೆಂಬುದು ಎಲ್ಲರೂ ಕೂಡಿ ಮಾಡಿದ ನಿಯಮ. ಒಮ್ಮೆ ಮಾತ್ರ, ಬಾಗಲಕೋಟೆಯ ಸದಸ್ಯರೊಬ್ಬರ ಒತ್ತಾಯಕ್ಕೆ ಮಣಿದು, ಅವರ ಮಗಳ ಲಗ್ನದ ಎರಡು ಸಾಲು ಹಾಕಿದೆ. ಆ ವರ್ಷ ಬಳಗವು ಶಿವಯೋಗ ಮಂದಿರದಲ್ಲಿ ಸೇರಿದಾಗ, ಊಟದ ಪಂಕ್ತಿಯಲ್ಲಿ ಬಾದಾಮಿಯ ಪಾಟೀಲ ಮಾಸ್ತರರು ಎಲ್ಲರಿಗೂ ಕೇಳುವಂತೆ ಅಂದರು:

“ಏನ್ರಿ ಸರ, ನೀವು ಕಳಸೂದು ಶಾಸನದ ಪತ್ರ ಏನು, ಲಗ್ನಪತ್ರಿಕಿ ಏನು? ಮುಂದಿನ ತಿಂಗಳ ತೊಟ್ಟಲದ ಸುದ್ದೀನೂ ಬರ್ತೈತೇನು?”

ಪಂಕ್ತಿಯೆಲ್ಲ ನಕ್ಕಿತು. ಬಡಿಸುತ್ತಿದ್ದವನೂ ಸಾರಿನ ಸೌಟು ಹಿಡಿದುಕೊಂಡೇ ನಕ್ಕ. ಅಂದಿನಿಂದ ನಿಯಮವನ್ನು ಕೂದಲೆಳೆಯಷ್ಟೂ ಸಡಿಲಿಸಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ಇಳಕಲ್ಲಿನ ಸಂಗಪ್ಪನ ಕಾರ್ಡು ಬಂತು. ಸೀರೆ ನೇಯುವ ಮನುಷ್ಯ. ಬಳಗದಲ್ಲಿ ಎಲ್ಲರಿಗಿಂತ ಕಡಿಮೆ ಬರೆಯುವವನು. ಅವನ ಅಣ್ಣ ಗುರಪ್ಪ, ಬುದ್ಧಿ ಸ್ತಿಮಿತವಿಲ್ಲದವನು, ಮನೆ ಬಿಟ್ಟು ಹೋಗಿದ್ದ. ಓದುಬಾರದಿದ್ದರೂ ಅಕ್ಷರ ಕೆತ್ತಿದ ಕಲ್ಲು ಕಂಡರೆ ಕುಳಿತು ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸುವುದು ಅವನ ರೂಢಿ. ಕಲ್ಲು ಹುಡುಕುತ್ತ ತಿರುಗುವ ತಾವೆಲ್ಲ ಅವನನ್ನು ಕಂಡರೆ ತಿಳಿಸಬೇಕು ಎಂದು ಸಂಗಪ್ಪ ಬೇಡಿಕೊಂಡಿದ್ದ. ಓದಿ ನೊಂದೆ. ಆದರೆ ಅದು ಮನೆಯ ವಿಷಯ. ತಂತಿಗೆ ಚುಚ್ಚಿದೆ.

ಆ ತಿಂಗಳ ಪತ್ರ ಎಲ್ಲರಿಗೂ ಮುಟ್ಟಿದ ಮೇಲೆ ಪಾಟೀಲ ಮಾಸ್ತರರ ಕಾರ್ಡು ಬಂತು. ‘ತಮ್ಮ ಪತ್ರದ ಕೊನೆಯಲ್ಲಿ ತಿಳಿಸಿದ ಗುರಪ್ಪನನ್ನು ಮಹಾಕೂಟದ ದಾರಿಯ ಕಲ್ಲಿನ ಹತ್ತಿರ ಕಂಡೆ’ ಎಂದಿತ್ತು. ಮತ್ತೆ ನನ್ನನ್ನು ಆಡಿಕೊಳ್ಳುತ್ತಿದ್ದಾರೆಂದುಕೊಂಡೆ. ಆದರೆ ಬಾಗಲಕೋಟೆಯಿಂದಲೂ ಅಮೀನಗಡದಿಂದಲೂ ಅಂಥವೇ ಕಾರ್ಡುಗಳು ಬಂದವು. ತಂತಿಯಿಂದ ಎಲ್ಲವನ್ನೂ ತೆಗೆದು ನೋಡಿದೆ. ಸಂಗಪ್ಪನ ಕಾರ್ಡು ಚುಚ್ಚಿದ ಸ್ಥಾನದಲ್ಲಿಯೇ ಇತ್ತು. ಸ್ಟೆನ್ಸಿಲ್ಲನ್ನು ಬೆಳಕಿಗೆ ಹಿಡಿದೆ. ಅದರಲ್ಲಿ ಗುರಪ್ಪನಿರಲಿಲ್ಲ.

ರವಿವಾರ ಮಧ್ಯಾಹ್ನ ಬಾದಾಮಿಗೆ ಹೋಗಿ ಪಾಟೀಲ ಮಾಸ್ತರರ ಪ್ರತಿಯನ್ನು ಕೇಳಿದೆ. ತಂದು ಬಿಡಿಸಿದರು. ಅವರ ಬೆರಳು ಕೊನೆಯ ಲೇಖನದ ಕೆಳಗಿನ ಖಾಲಿ ಜಾಗಕ್ಕೆ ಬಂದು ನಿಂತಿತು.

“ಇಲ್ಲೇ ಇತ್ತಲ್ರಿ,” ಎಂದು ಹಾಳೆ ಹೊರಳಿಸಿದರು, ಕಿಟಕಿಗೆ ಹಿಡಿದರು. “ನಾ ನಮ್ಮಾಕಿಗೆ ಓದಿ ಹೇಳೇನ್ರಿ!”

“ಹೌದ್ರಿ ಸರ,” ಎಂದು ಅಡುಗೆಮನೆಯಿಂದ ಅವರ ಹೆಂಡತಿ ದನಿಗೂಡಿಸಿದರು. “ಪುಣ್ಯಾಕ ತಮ್ಮನರ ಹುಡುಕಾಕತ್ತಾನಲ್ಲ ಅಂತ ನಾನೂ ಅಂದ್ನಿ.”

ಮಾಸ್ತರರು ಹಾಳೆಯನ್ನು ಮಡಚಿ ಪಕ್ಕಕ್ಕಿಟ್ಟರು. ಆಮೇಲೆ ಕೇಳಿದರು: “ಖರೆ ಹೇಳ್ರಿ. ಹಾಕಿ, ಈಗ ಹಾಕಿಲ್ಲ ಅಂತೀರೇನು?” ನಾನು ಚಹಾ ಮುಟ್ಟದೆ ಎದ್ದು ಬಂದೆ. ನಿಯಮ ಮುರಿದದ್ದಲ್ಲದೆ ಸುಳ್ಳೂ ಹೇಳಿದೆನೆಂಬ ಸುದ್ದಿ ಅಲ್ಲಿಂದಲೇ ಬಾಯಿಂದ ಬಾಯಿಗೆ ಬಳಗವನ್ನೆಲ್ಲ ಸುತ್ತಿತು.

ಕಾರ್ಡುಗಳಲ್ಲಿ ಹೇಳಿದ ಸ್ಥಳಗಳನ್ನು ಸಂಗಪ್ಪನಿಗೆ ಕೂಡಲೇ ತಿಳಿಸಿದ್ದೆ. ಮಗ್ಗ ನಿಲ್ಲಿಸಿ ಎಲ್ಲ ಕಡೆಗೂ ಅಲೆದ. ಪ್ರತಿ ಊರಲ್ಲೂ ಜನ ‘ಇದ್ದ, ಈಗಷ್ಟೇ ಹೋದ’ ಎಂದರಂತೆ. ಅಲ್ಲಿನ ಕಲ್ಲುಗಳ ಮೈಮೇಲೆಲ್ಲ ಧೂಳಿತ್ತು. ಅಕ್ಷರಗಳ ಗೀರುಗಳಲ್ಲಿ ಮಾತ್ರ ಬೆರಳಿನಿಂದ ಒರೆಸಿದಂತೆ ಧೂಳಿರಲಿಲ್ಲ ಎಂದು ಅವನೇ ನನಗೆ ಹೇಳಿದ.

ಹೇಗೂ ಅಪವಾದ ಹೊತ್ತಾಗಿದೆಯೆಂದು ಮುಂದಿನ ಪತ್ರದಲ್ಲಿ ಅವನ ಬೇಡಿಕೆಯನ್ನು ನಾನೇ ಹಾಕಿದೆ. ಮೊದಲ ಪುಟದ ತಲೆಯಲ್ಲಿ, ಸುತ್ತಲೂ ಗೆರೆ ಎಳೆದು, ದಪ್ಪಕ್ಷರದಲ್ಲಿ. ಅದರ ಮುಂದಿನ ತಿಂಗಳೂ ಹಾಕಿದೆ. ಯಾರೂ ಗುರಪ್ಪನನ್ನು ಕಾಣಲಿಲ್ಲ. ಒಂದು ಕಾರ್ಡೂ ಬರಲಿಲ್ಲ.

ಒಂದು ಸಂಜೆ ಸಂಗಪ್ಪ ಅಮೀನಗಡದ ಕರದಂಟಿನ ಪೊಟ್ಟಣ ಹಿಡಿದು ಬಂದ. ಕುರ್ಚಿ ತೋರಿಸಿದರೂ ಕೂಡಲಿಲ್ಲ.

“ಸರ, ಬೈಬ್ಯಾಡ್ರಿ. ಅದನ್ನ ಇನ್ನ ಛಾಪಿಸಬ್ಯಾಡ್ರಿ.”

“ಯಾಕೋ?”

“ಮದಲಿನಂಗ ತಂತಿಗೇ ಚುಚ್ಚಿಡ್ರಿ. ಅಲ್ಲಿದ್ದಾಗರ ಅಣ್ಣ ಮಂದಿ ಕಣ್ಣಿಗೆ ಬೀಳ್ತಿದ್ದ.”

ಮೇಜಿನ ಮೇಲಿದ್ದ ಕಾರ್ಡನ್ನು ಅವನೇ ಎತ್ತಿಕೊಂಡು, ಹಳೆಯ ತೂತನ್ನು ಹುಡುಕಿ, ಹೊಸ ತೂತು ಬೀಳದಂತೆ ಮೆಲ್ಲಗೆ ತಂತಿಗೆ ಇಳಿಸಿದ.

ಆಮೇಲಿನ ವರ್ಷಗಳಲ್ಲಿ ಆಗಾಗ ಸುದ್ದಿ ಕೇಳಲು ಬರುತ್ತಿದ್ದ. ನನ್ನನ್ನು ಕೇಳುತ್ತಿರಲಿಲ್ಲ, ಬಾಗಿಲಲ್ಲಿ ನಿಂತು ತಂತಿಯನ್ನು ನೋಡಿ ಹೋಗುತ್ತಿದ್ದ. ಎಂಬತ್ತರ ದಶಕದ ನಡುವೆ ಬರುವುದನ್ನೂ ಬಿಟ್ಟ. ಬಳಗವೂ ಒಡೆಯಿತು; ಪಾಟೀಲ ಮಾಸ್ತರರು ನನ್ನೊಂದಿಗೆ ಮತ್ತೆ ಮಾತಾಡದೆಯೇ ತೀರಿಕೊಂಡರು. ಗುರಪ್ಪನನ್ನು ಕಂಡೆವೆಂದು ಯಾರೂ ಮತ್ತೆ ಬರೆಯಲಿಲ್ಲ; ಅವನು ಮನೆಗೂ ಮರಳಲಿಲ್ಲ.

ಅಂದು ಅವರೆಲ್ಲ ಓದಿದ್ದೇನು, ನನಗೆ ತಿಳಿಯದು. ಯೋಚಿಸಿ ಯೋಚಿಸಿ ಕೈಬಿಟ್ಟಿದ್ದೇನೆ. ಉಳಿದ ಕಾರ್ಡುಗಳನ್ನೆಲ್ಲ ಎಂದೋ ತೆಗೆದು ಹರಿದುಹಾಕಿದೆ. ಆ ಒಂದು ಮಾತ್ರ ತಂತಿಯಲ್ಲಿದೆ. ಅದರ ಧೂಳು ಒರೆಸಿ, ಟಪಾಲಿನ ಹೊತ್ತಿಗೆ ಬಾಗಿಲು ತೆರೆದಿಡುತ್ತೇನೆ. ಯಾರೂ ಬರೆಯುವುದಿಲ್ಲ.