ಪುಟ್ಟಸ್ವಾಮಿಗೌಡರ ಹೆಜ್ಜೆಗೆ ಹಾಕಿದ ನೆಲ

ಕೋವಿಡ್ ಕಳೆದ ಮರುವರ್ಷದ ಮಾತು. ಕಟ್ಟಡ ಕಂಪನಿಯೊಂದರಲ್ಲಿ ಸೈಟ್ ಎಂಜಿನಿಯರ್ ಆಗಿದ್ದವಳು ನಾನು; ಅದನ್ನು ಬಿಟ್ಟು, ಮೈಸೂರಿನಲ್ಲಿ ಹಳೆಯ ಮನೆಗಳ ನವೀಕರಣದ ಕೆಲಸವನ್ನು ಸ್ವಂತವಾಗಿ ಹಿಡಿದು ಕೆಲವು ವರ್ಷಗಳಾಗಿದ್ದವು. ಜಯಲಕ್ಷ್ಮಿಪುರಂನ ಪುಟ್ಟಸ್ವಾಮಿಗೌಡರ ಮನೆಯ ನೆಲ ಬದಲಿಸಲು ಕರೆ ಬಂದದ್ದು ಆಗ.

ಗೌಡರು ಮೈಸೂರಿನದೇ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಮಷೀನ್ ಶಾಪ್ ಸೂಪರ್‌ವೈಸರ್ ಆಗಿ ನಿವೃತ್ತರಾದವರು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿತ್ತು, ಹೆಜ್ಜೆ ಚಿಕ್ಕದಾಗಿತ್ತು. ಆದರೂ ಮನೆಯೊಳಗೆ ಯಾರ ಆಸರೆಯೂ ಇಲ್ಲದೆ ಓಡಾಡುತ್ತಿದ್ದರು. ಹೆಂಡತಿ ಜಯಮ್ಮ ಮತ್ತು ಕಾಲೇಜಿನಲ್ಲಿ ಪಾಠ ಹೇಳುವ ಮಗಳು ಸವಿತಾ ಜೊತೆಗಿದ್ದರು. ಮನೆಯದು ಚೌಕ ಚೌಕವಾಗಿ ಗೆರೆ ಎಳೆದ ರೆಡ್ ಆಕ್ಸೈಡ್ ನೆಲ. ತೇವ ಏರಿ ಅಲ್ಲಲ್ಲಿ ಉಬ್ಬಿ ಒಡೆದಿತ್ತು. ಒಡೆದ ಅಂಚಿಗೆ ಎಡವಿ ಗೌಡರು ಬಿದ್ದಾರೆಂಬ ಭಯ ಎಲ್ಲರಿಗೂ. ಜಯಮ್ಮನಿಗೆ ಇನ್ನೊಂದು ಆಸೆಯೂ ಇತ್ತು. ಬಾಡಿಗೆ ಮನೆಗಳಲ್ಲಿದ್ದ ಕಾಲದಿಂದಲೂ ಅವರು ಬಯಸಿದ್ದು ಬೆಳ್ಳಗಿನ, ಒಂದೇ ಬಣ್ಣದ ನೆಲ.

ಕೆನೆ ಬಣ್ಣದ ಮ್ಯಾಟ್ ಫಿನಿಶ್ ವಿಟ್ರಿಫೈಡ್ ಟೈಲ್ ಆರಿಸಿದೆವು. ಹೊಳಪಿಲ್ಲದ, ಒದ್ದೆಯಾದರೂ ಅಷ್ಟಾಗಿ ಜಾರದ ಟೈಲ್. ಕೋಣೆಗಳ ನಡುವಿನ ಹೊಸ್ತಿಲು ತೆಗೆಸಿ ಮಟ್ಟ ಮಾಡಿಸಿದೆ. ಸಂದುಗಳು ಕಾಣದಂತೆ ಅದೇ ಬಣ್ಣದ ಗ್ರೌಟ್ ತುಂಬಿಸಿದೆವು. ಮನೆಯವರು ಅಲ್ಲೇ ಇದ್ದುದರಿಂದ ಮೊದಲು ಮಲಗುವ ಕೋಣೆಯನ್ನೂ ಬಚ್ಚಲಿಗೆ ಹೋಗುವ ಪ್ಯಾಸೇಜನ್ನೂ ಮುಗಿಸಿದೆವು. ಹಾಲ್ ಹಾಗೇ ಉಳಿದಿತ್ತು.

ಟೈಲ್ ಕೂತ ಮೇಲೆ ಗೌಡರನ್ನು ಕರೆದರು. ಹಾಲ್ ದಾಟಿ ಚೆನ್ನಾಗಿಯೇ ಬಂದವರು ಹೊಸ ನೆಲ ಶುರುವಾಗುವಲ್ಲಿ ನಿಂತುಬಿಟ್ಟರು. ಮೈ ಮುಂದಕ್ಕೆ ಬಾಗುತ್ತಿತ್ತು, ಪಾದ ಏಳುತ್ತಿರಲಿಲ್ಲ.

"ಕಾಲು ಅಂಟ್ಕೊಂಡ್ಬುಟ್ಟಿದೆ ಕಣಮ್ಮ," ಎಂದು ನನ್ನ ಕಡೆ ನೋಡಿದರು.

ಜಾರುವ ಹೆದರಿಕೆ ಇರಬೇಕು, ರೂಢಿಯಾದರೆ ಸರಿಹೋಗುತ್ತದೆ ಎಂದುಕೊಂಡೆವು. ಸರಿಹೋಗಲಿಲ್ಲ. ವಾರ ಕಳೆಯುವಷ್ಟರಲ್ಲಿ ಬಚ್ಚಲಿಗೆ ಹೋಗಲೂ ತಾಯಿ ಮಗಳು ಇಬ್ಬರೂ ಹಿಡಿದುಕೊಳ್ಳಬೇಕಾಯಿತು. ಆ ಸಂಕೋಚಕ್ಕೆ ಅಪ್ಪ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಾರೆಂದು ಸವಿತಾ ಹೇಳಿದ ದಿನ ನಾನು ಹಾಲ್‌ನ ಕೆಲಸ ನಿಲ್ಲಿಸಿದೆ.

ಸವಿತಾ ಅಪ್ಪನ ಫಿಸಿಯೋಥೆರಪಿಸ್ಟನ್ನು ಮನೆಗೆ ಕರೆಸಿದರು. ಆಕೆ ಗೌಡರನ್ನು ಹಳೆಯ ನೆಲದ ಮೇಲೂ ಹೊಸ ನೆಲದ ಮೇಲೂ ನಡೆಸಿ ನೋಡಿ ಕಾರಣ ವಿವರಿಸಿದರು. ಈ ಕಾಯಿಲೆಯಲ್ಲಿ ಕೆಲವರಿಗೆ ನಡೆಯುತ್ತಿದ್ದಂತೆ ಕಾಲು ಕೀಲಿಸಿದ ಹಾಗೆ ನಿಂತುಬಿಡುತ್ತದೆ. ಅದನ್ನು ಫ್ರೀಜಿಂಗ್ ಎನ್ನುತ್ತಾರೆ. ಕಣ್ಣೆದುರು ದಾಟಲು ಒಂದು ಗೆರೆ ಸಿಕ್ಕರೆ ಹೆಜ್ಜೆ ಎತ್ತುವುದು ಸುಲಭವಾಗುತ್ತದೆ. ಹಳೆಯ ನೆಲದ ಗೆರೆಗಳು ಇಷ್ಟು ದಿನ ಆ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿದ್ದವು. ಗೌಡರಿಗೇ ಅದು ಗೊತ್ತಿರಲಿಲ್ಲ.

ಎಲೆಕ್ಟ್ರಿಷಿಯನ್ ಬಳಸುವ ಕಪ್ಪು ಟೇಪನ್ನು ಪ್ಯಾಸೇಜಿಗೆ ಅಡ್ಡಡ್ಡಲಾಗಿ ಅಂಟಿಸಿದೆವು. ಗೌಡರು ಮೊದಲ ಪಟ್ಟಿಯನ್ನೇ ಸ್ವಲ್ಪ ಹೊತ್ತು ನೋಡಿದರು. ಕಾಲು ಎದ್ದಿತು. ಎರಡನೆಯದನ್ನೂ ದಾಟಿದರು. ಬಚ್ಚಲಿನ ಬಾಗಿಲು ಮುಟ್ಟಿ ತಿರುಗಿ ನಮ್ಮನ್ನು ನೋಡಿದರು.

ಆದರೆ ಟೇಪ್ ನೆಲ ಒರೆಸಿದರೆ ಕಿತ್ತುಬರುತ್ತದೆ. ಉಳಿಯುವಂಥದ್ದು ಬೇಕಾದರೆ ಹೊಸ ಟೈಲ್‌ಗಳನ್ನು ಕತ್ತರಿಸಿ ಗ್ರಾನೈಟ್ ಪಟ್ಟಿ ಕೂರಿಸಬೇಕು, ನೆಲ ಈಗಿನಷ್ಟು ಅಂದವಾಗಿ ಇರುವುದಿಲ್ಲ ಎಂದೆ. ಗೌಡರು ಬೇಡವೆಂದರು. ಹೆಂಡತಿ ಇಷ್ಟು ವರ್ಷ ಆಸೆಪಟ್ಟ ನೆಲ, ತಾವು ವಾಕರ್ ಹಿಡಿದು ಹೇಗೋ ನಿಭಾಯಿಸುವುದಾಗಿ ಹೇಳಿದರು. ಜಯಮ್ಮ ಅಡುಗೆಮನೆಯಿಂದ ಬಂದು ಗಂಡನ ಎದುರು ನಿಂತರು.

"ನೀವು ನಡೀದೇ ಇರೋ ನೆಲ ಇಟ್ಕೊಂಡು ನಾನೇನ್ ಮಾಡ್ಲಿ? ಕತ್ತರಿಸ್ಲಿ ಬುಡಿ."

ಮರುದಿನ ಜಯಮ್ಮನೇ ನನ್ನ ಜೊತೆ ಗ್ರಾನೈಟ್ ಅಂಗಡಿಗೆ ಬಂದರು. ಕಪ್ಪು ಪಟ್ಟಿ ಅವರಿಗೆ ನೆಲದಲ್ಲಿ ಬಿದ್ದ ಗುಂಡಿಯಂತೆ ಕಂಡಿತು. ಕೆನೆ ಬಣ್ಣದ ನಡುವೆ ಎದ್ದು ಕಾಣುವ, ಮಿರುಗದ ಗಾಢ ಕೆಂಪು ಕಲ್ಲನ್ನು ಆರಿಸಿದರು. ಪಟ್ಟಿಗಳ ಅಂತರ ಗೊತ್ತುಮಾಡುವ ಕೆಲಸವನ್ನು ಗೌಡರು ವಹಿಸಿಕೊಂಡರು. ಟೇಪನ್ನು ಮತ್ತೆ ಮತ್ತೆ ಕೀಳಿಸಿ, ಅಂಟಿಸಿ, ನಡೆದು ನೋಡಿ, ತಮ್ಮ ಹೆಜ್ಜೆಗೆ ಒಪ್ಪುವ ಅಳತೆ ಹಿಡಿದರು. ಕಟರ್ ಓಡುವಾಗ ದೂಳಿಗೆ ಮೂಗು ಮುಚ್ಚಿಕೊಂಡು ಮೇಸ್ತ್ರಿಯ ಎದುರಿಗೇ ಕುರ್ಚಿ ಹಾಕಿ ಕೂತರು. ಒಂದು ಪಟ್ಟಿ ತುಸು ಮೇಲೆದ್ದಿದೆಯೆಂದು ತೆಗೆಸಿ ಮತ್ತೆ ಕೂರಿಸಿದರು. ಕಾರ್ಖಾನೆಯಲ್ಲೂ ಇವರು ಹೀಗೇ ಪ್ರಾಣ ತಿನ್ನುತ್ತಿದ್ದರಂತೆ ಎಂದು ಜಯಮ್ಮ ನಕ್ಕರು. ಆ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು. ಹಾಲ್‌ಗೂ ಅದೇ ಟೈಲ್, ಅದೇ ಪಟ್ಟಿ ಹಾಕಿ ಕೆಲಸ ಮುಗಿಸಿದೆವು.

ಕಾಯಿಲೆ ನಿಂತಿಲ್ಲ. ಈಗ ಹೊರಗೆ ಹೋಗಲು ಗೌಡರಿಗೆ ಗಾಲಿಕುರ್ಚಿ ಬೇಕು. ಮನೆಯೊಳಗೆ ಮಾತ್ರ ನಿಧಾನವಾಗಿ ಒಬ್ಬರೇ ನಡೆಯುತ್ತಾರೆ. ಕಳೆದ ಯುಗಾದಿಗೆ ನನ್ನನ್ನು ಊಟಕ್ಕೆ ಕರೆದಿದ್ದರು. ಕೈ ತೊಳೆದು ತಿರುಗಿದರೆ, ಒಂದೊಂದೇ ಪಟ್ಟಿ ದಾಟುತ್ತಾ ನನಗೆ ಟವೆಲ್ ತರುತ್ತಿದ್ದರು. ಹೋಗಿ ಇಸಿದುಕೊಳ್ಳಬೇಕೆನಿಸಿತು. ಹೋಗಲಿಲ್ಲ. ಅವರೇ ಬಂದು ಕೊಡುವವರೆಗೆ ಒದ್ದೆ ಕೈಯಲ್ಲೇ ನಿಂತಿದ್ದೆ.

ಆ ಮನೆಗೆ ನಾನು ಋಣಿ. ನೆಲ ಜಾರುತ್ತದೆಯೇ, ಸವೆಯುತ್ತದೆಯೇ, ಕಲೆ ಹಿಡಿಯುತ್ತದೆಯೇ ಎಂದು ನೋಡುವುದನ್ನು ಓದು ಕಲಿಸಿತ್ತು. ಅದರ ಮೇಲೆ ನಡೆಯುವವರನ್ನು ಮೊದಲು ನೋಡಬೇಕೆಂದು ಕಲಿಸಿದವರು ಗೌಡರು ಮತ್ತು ಜಯಮ್ಮ. ಈಗ ಯಾವ ಮನೆಗೆ ಹೋದರೂ ಟೈಲ್ ಸ್ಯಾಂಪಲ್ ಹೊರತೆಗೆಯುವ ಮುನ್ನ, ಮನೆಯವರೆಲ್ಲ ಒಬ್ಬೊಬ್ಬರಾಗಿ ಒಮ್ಮೆ ನಡೆದು ತೋರಿಸಿ ಎಂದು ಕೇಳುತ್ತೇನೆ. ಕೆಲವರು ನಗುತ್ತಾರೆ. ಆಮೇಲೆ ನಡೆಯುತ್ತಾರೆ; ನಾನು ಅವರ ಕಾಲು ನೋಡುತ್ತೇನೆ.