ಶಲ್ಯ ಮುಚ್ಚಿದ ಸಾಲುಗಳು

ಆಚಾರ್ರೇ, ಹುಬ್ಬಳ್ಳಿಯ ಆ ತಾಯಿಗೆ ಮಗ ಸತ್ತ ಸುದ್ದಿ ಮುಟ್ಟಿಸಿದ್ದು ನೀವಲ್ಲ. ನಾನು. ಎರಡು ವರ್ಷದಿಂದ ನೀವು ಹೊತ್ತು ತಿರುಗುತ್ತಿರುವ ತಪ್ಪು ನನ್ನದು. ಇದನ್ನು ಹೇಳಲೆಂದೇ ಎಷ್ಟೋ ಸಲ ನಿಮ್ಮ ಮೆಟ್ಟಿಲು ಹತ್ತಿದ್ದೇನೆ — ಚಹಾ ಕುಡಿದು ಇಳಿದಿದ್ದೇನೆ.

ನನ್ನ ಪುಕ್ಕಲುತನ ನಿಮ್ಮ ಮನೆಗೆಲ್ಲ ಗೊತ್ತಿರುವುದೇ. “ಪ್ರೊಫೆಸರ್ ಸಾಹೇಬ್ರು ಚಹಾ ಬಿಸಿ ಇದ್ರ ನಾಲಗಿ ಸುಟ್ಟೀತು ಅಂತಾರ, ಆರಿದ್ರ ಥಂಡಿ ಆದೀತು ಅಂತಾರ” ಎಂದು ನಿಮ್ಮ ಮನೆಯವರು ಆಡಿಕೊಂಡದ್ದು ಸುಳ್ಳೇನಲ್ಲ. ಬೀಗ ಹಾಕಿ ಮೂರು ಸಲ ಎಳೆದು ನೋಡುವವನು ನಾನು. ಗಂಗೆಯ ಮೇಲಿನ ರಾಮನಗರದ ಸೇತುವೆ ದಾಟುವ ಮೊದಲು ಆಟೋದ ಟೈರು ಪರೀಕ್ಷಿಸುವವನು. ಹೆದರಲೇಬೇಕಾಗಿದ್ದ ಒಂದೇ ಒಂದು ಕಡೆ ಮಾತ್ರ ಅದೆಲ್ಲಿಂದಲೋ ಧೈರ್ಯ ಬಂದುಬಿಟ್ಟಿತು.

ಕರ್ನಾಟಕದಿಂದ ಅಸ್ಥಿ ಹಿಡಿದು ಕಾಶಿಗೆ ಬಂದವರ ಹೆಸರು, ಗೋತ್ರ, ಹೋದವರ ತಿಥಿ — ಎಲ್ಲವನ್ನೂ ನಿಮ್ಮ ಮನೆತನದವರು ಮೂರು ತಲೆಮಾರಿನಿಂದ ಆ ದಪ್ಪ ವಹಿಯಲ್ಲಿ ಬರೆದಿಡುತ್ತ ಬಂದಿದ್ದಾರೆ. ನೀವು ಅದನ್ನು ತೋರಿಸುವ ರೀತಿಯನ್ನು ನಾನು ಬೆರಗಿನಿಂದ ನೋಡುತ್ತಿದ್ದೆ. ಒಂದು ಮನೆಯವರಿಗೆ ಅವರ ಸಾಲು ತೋರಿಸುವಾಗ ಶಲ್ಯವನ್ನು ಮಡಿಸಿ ಮೇಲಿನದನ್ನೂ ಕೆಳಗಿನದನ್ನೂ ಮುಚ್ಚುತ್ತಿದ್ದಿರಿ. ಒಬ್ಬರ ಮನೆಯ ಸಾವು ಇನ್ನೊಬ್ಬರ ಕಣ್ಣಿಗೆ ಬೀಳಬಾರದು. ಈ ಕೆಲಸವನ್ನು ನಿಮಗೆ ಯಾರೂ ಕಲಿಸಿದಂತಿರಲಿಲ್ಲ. ನಾನೋ, ವಿಶ್ವವಿದ್ಯಾಲಯದಲ್ಲಿ ಮಾಹಿತಿ ಭದ್ರತೆಯ ಪಾಠ ಹೇಳುವವನು!

ವಹಿಯನ್ನು ಮೊಬೈಲಿಗೆ ತರೋಣ ಎಂದವನೂ ನಾನೇ. ಬಂದವರು ಆ್ಯಪಿನಲ್ಲಿ ವಿವರ ತುಂಬಲಿ, ವರ್ಷದ ತಿಥಿಗೆ ಎಂಟು ದಿನ ಮೊದಲೇ ನೆನಪಿನ ಸಂದೇಶ ಹೋಗಲಿ. ಅಷ್ಟಕ್ಕೇ ನಿಲ್ಲಿಸಿದ್ದರೆ — ಇಲ್ಲ, ನನ್ನ ಜಾಣತನಕ್ಕೆ ಅಷ್ಟು ಸಾಕಾಗಲಿಲ್ಲ. ವಿವರ ತುಂಬಿದ ಆ ಒಬ್ಬರು ಮರೆತರೆ? ಅವರ ನಂಬರು ಬದಲಾದರೆ? ಹೆದರಿಕೆಯವನ ಬುದ್ಧಿ. ಫೋನಿನಲ್ಲಿ ‘ಅಮ್ಮ’, ‘ಅಪ್ಪ’, ‘ಅಣ್ಣ’ ಎಂದು ಉಳಿಸಿಕೊಂಡ ನಂಬರುಗಳನ್ನು ಆ್ಯಪ್ ತಾನೇ ಹುಡುಕಿ ಅವರಿಗೂ ಸಂದೇಶ ಕಳಿಸುವಂತೆ ಮಾಡಿದೆ. ನಿಮಗೆ ತಿಳಿಸಲಿಲ್ಲ. ಬಹಳ ಹೆಮ್ಮೆಯಿತ್ತು.

ಆ್ಯಪನ್ನು ಆ್ಯಪ್ ಸ್ಟೋರಿನ ಕಂಪನಿಗೆ ಪರಿಶೀಲನೆಗೆ ಕಳಿಸುವಾಗ ಒಂದು ಅರ್ಜಿ ತುಂಬಬೇಕು. ಜನರಿಂದ ಏನೇನು ಮಾಹಿತಿ ಪಡೆಯುತ್ತೀರಿ? ಏಕೆ? ಯಾರಿಗೆ ಕೊಡುತ್ತೀರಿ? ಬೇಡವೆಂದರೆ ಅಳಿಸುತ್ತೀರಾ? ಜೊತೆಗೆ ಗೌಪ್ಯತಾ ನೀತಿಯ ಪುಟವೊಂದು ಬೇಕು. ಅದಿಲ್ಲವೆಂದು ಮೊದಲ ಸಲ ಅರ್ಜಿ ವಾಪಸ್ ಬಂತು. ಪಿತೃಪಕ್ಷ ಎದುರಿಗೇ ಇತ್ತು. ಯಾವುದೋ ಟಾರ್ಚ್ ಆ್ಯಪಿನ ನೀತಿಯನ್ನು ನಕಲು ಮಾಡಿ, ಹೆಸರು ಬದಲಿಸಿ ಅಂಟಿಸಿದೆ. ‘ನಿಮ್ಮ ಬೆಳಕಿನ ಬಳಕೆಯನ್ನು ನಾವು ದಾಖಲಿಸುವುದಿಲ್ಲ’ ಎಂಬ ಸಾಲು ಇವತ್ತಿಗೂ ಅಲ್ಲಿದೆ. ಸಂಪರ್ಕ ಪಟ್ಟಿಯನ್ನು ಓದುತ್ತೀರಾ ಎಂಬ ಪ್ರಶ್ನೆಗೆ ‘ಹೌದು’ ಎಂದರೆ ಕೆಳಗೆ ಇನ್ನಷ್ಟು ಪ್ರಶ್ನೆಗಳು ತೆರೆದುಕೊಳ್ಳುತ್ತಿದ್ದವು. ‘ಇಲ್ಲ’ ಎಂದು ಒತ್ತಿದೆ. ಮೂರನೆಯ ದಿನ ಒಪ್ಪಿಗೆ ಬಂತು.

ಅವತ್ತು ನೀವು ಒಂದೇ ಮಾತು ಕೇಳಿದಿರಿ: “ಸಾಹೇಬ್ರ, ಇದರಾಗಿಂದ ಒಬ್ಬರ ಮನಿ ಮಾತು ಇನ್ನೊಬ್ಬರಿಗೆ ಹೋಗಂಗಿಲ್ಲಲ್ಲ?”

“ಹೋಗಲ್ಲ ಆಚಾರ್ರೇ. ಕಂಪನಿಯವರೇ ಪರೀಕ್ಷೆ ಮಾಡಿ ಒಪ್ಪಿದ್ದಾರೆ.”

ಅವರು ಒಪ್ಪಿದ್ದು ನನ್ನ ಮಾತನ್ನು. ಅದೂ ಸುಳ್ಳು ಮಾತನ್ನು.

ಆಮೇಲಿನದು ನಿಮಗೆ ಗೊತ್ತು. ಆದರೆ ಅರ್ಧ ಮಾತ್ರ. ಹುಬ್ಬಳ್ಳಿಯ ಆ ಹೆಣ್ಣುಮಗಳು ತಮ್ಮನ ಅಸ್ಥಿ ತಂದಿದ್ದರು. ತಾಯಿಯದು ದುರ್ಬಲ ಹೃದಯ. ಮಗ ದೂರದೂರಿನಲ್ಲಿ ಕೆಲಸದಲ್ಲಿದ್ದಾನೆಂದು ನಂಬಿಸಿದ್ದೇವೆ ಎಂದು ನಿಮಗೊಬ್ಬರಿಗೇ ಹೇಳಿ ಅತ್ತಿದ್ದರು. ವರ್ಷ ತುಂಬುತ್ತ ಬಂದಾಗ ನನ್ನ ಆ್ಯಪ್ ಅವರ ಫೋನಿನಲ್ಲಿದ್ದ ‘ಅಮ್ಮ’ನನ್ನು ಹುಡುಕಿತು.

ಸಂದೇಶದ ಕೊನೆಯಲ್ಲಿ ನಿಮ್ಮ ನಂಬರಿತ್ತು. ಆ ತಾಯಿ ನಿಮಗೇ ಕರೆ ಮಾಡಿದರು. ನಾನು ಎದುರಿಗೇ, ಚಹಾದ ಮಣ್ಣಿನ ಕುಲ್ಹಡ್ ಹಿಡಿದು ಕೂತಿದ್ದೆ. “ನನ್ನ ಮಗ ಯಾವಾಗ ಹೋದ?” ಎಂದು ಕೇಳಿದ್ದು ನನಗೂ ಕೇಳಿಸಿತು. ತಪ್ಪು ನಂಬರು ಎಂದು ನೀವು ಹೇಳಬಹುದಿತ್ತು. ನಾನಾಗಿದ್ದರೆ ಅದನ್ನೇ ಹೇಳುತ್ತಿದ್ದೆ. ನೀವು ಕಣ್ಣು ಮುಚ್ಚಿಕೊಂಡು ಹೇಳಿದಿರಿ: “ತಾಯಿ, ಮಗಳನ್ನ ಕರೀರಿ. ಆಕಿ ನಿಮ್ಮ ಹತ್ರ ಬಂದು ಕೂಡೂತನಕ ನಾ ಫೋನ್ ಇಡಂಗಿಲ್ಲ.” ಇಡಲಿಲ್ಲ. ಮಗಳು ಬಂದಾಗ ಆಕೆಗೆ, “ತಪ್ಪು ನಂದವ್ವಾ. ಆ್ಯಪಿನಾಗ ನಾನೇ ಏನರೆ ತಪ್ಪು ಒತ್ತಿರಬೇಕು” ಎಂದಿರಿ.

ಆಗ ಬಾಯಿ ತೆರೆಯಬೇಕಿತ್ತು. ಚಹಾ ಆರಿಹೋಗಿತ್ತು, ನಾನದನ್ನು ಗಮನಿಸಿರಲೂ ಇಲ್ಲ. ಆ ಸಂಜೆಯೇ ಗುಟ್ಟಾಗಿ ಆ ಭಾಗವನ್ನು ಕಿತ್ತುಹಾಕಿ, “ಸರಿ ಮಾಡಿದೆ” ಎಂದಷ್ಟೇ ಹೇಳಿದೆ. ಏನು ಸರಿ ಮಾಡಿದೆನೆಂದು ನೀವು ಕೇಳಲಿಲ್ಲ.

ನೀವು ಮಾತ್ರ ಅವತ್ತಿನಿಂದ ಬಂದ ಪ್ರತಿ ಮನೆಯವರಿಗೂ, ವಹಿ ಬಿಚ್ಚುವ ಮೊದಲು ಹೇಳುತ್ತೀರಿ — ಇದರಲ್ಲಿ ಏನು ಬರೆಯುತ್ತೇನೆ, ಏಕೆ ಬರೆಯುತ್ತೇನೆ, ಯಾರಿಗೆ ತೋರಿಸುತ್ತೇನೆ, ಬೇಡವೆಂದರೆ ಹೊಡೆದುಹಾಕುತ್ತೇನೆ. ಕೊನೆಗೆ: “ನನ್ನ ಕಡಿಂದ ಒಮ್ಮೆ ಒಂದು ಮನಿ ಮಾತು ಹೊರಬಿದ್ದದ. ತಿಳಿದು ಹೇಳ್ರಿ.” ಅದನ್ನು ಕೇಳಿ ಎದ್ದುಹೋದವರನ್ನು ನಾನೇ ನೋಡಿದ್ದೇನೆ. ಮೂರು ತಲೆಮಾರಿನ ಹೆಸರು ನೀವು ಮಾಡದ ತಪ್ಪಿಗೆ ಸವೆಯುತ್ತಿದೆ. ನಾನು ಸುಳ್ಳು ತುಂಬಿದ ಆ ಅರ್ಜಿಯ ಒಂದೊಂದು ಪ್ರಶ್ನೆಗೂ, ಅದನ್ನು ಕಣ್ಣಿಂದ ಕಾಣದ ನೀವು, ದಿನವೂ ಘಾಟಿನ ಮೆಟ್ಟಿಲ ಮೇಲೆ ಕೂತು ನಿಜದ ಉತ್ತರ ಹೇಳುತ್ತಿದ್ದೀರಿ.

ಇವತ್ತು ಆ ಅರ್ಜಿಯನ್ನು ಮತ್ತೆ ತೆರೆದೆ. ಅವತ್ತು ‘ಹೌದು’ ಎನ್ನಬೇಕಾಗಿದ್ದಲ್ಲೆಲ್ಲ ಹೌದು ಎಂದು, ಆ ಭಾಗವನ್ನು ಆಮೇಲೆ ಕಿತ್ತದ್ದನ್ನೂ ಬರೆದಿದ್ದೇನೆ. ನಿಮಗೆ ತಿಳಿಸದೆ ಕಳಿಸಬಾರದೆಂದು ಇನ್ನೂ ಕಳಿಸಿಲ್ಲ. ನಾಳೆ ಬೆಳಗ್ಗೆ ನಿಮ್ಮ ಸ್ನಾನ ಮುಗಿಯುವ ಹೊತ್ತಿಗೆ ಬಂದು ಈ ಕಾಗದವನ್ನು ನಾನೇ ಓದುತ್ತೇನೆ, ನಿಮ್ಮ ಮನೆಯವರೂ ಕೇಳಲಿ. ಆಮೇಲೆ ನಿಮ್ಮ ಜೊತೆ ಘಾಟಿನ ಮೆಟ್ಟಿಲಿಗೆ ಬರುತ್ತೇನೆ. ಹೊರಬಿದ್ದ ಮಾತಿನ ವಿಷಯ ನೀವು ಎತ್ತಿದಾಗ, ಅದು ಯಾರಿಂದ ಹೊರಬಿತ್ತೆಂದು ಬಂದವರಿಗೆ ನಾನು ಹೇಳುತ್ತೇನೆ.

ಇನ್ನೊಂದು. ಆ ತಾಯಿಯ ನಂಬರು ನನ್ನಲ್ಲಿತ್ತು — ಅವರು ಕೊಟ್ಟದ್ದಲ್ಲ, ನಾನು ಎತ್ತಿಕೊಂಡದ್ದು. ಕ್ಷಮೆ ಕೇಳಲು ಒಂದೆರಡು ಸಲ ಅದನ್ನು ಒತ್ತಲು ಹೋಗಿ ಕೈ ಹಿಂದೆಗೆದೆ. ಈಗ ಅಳಿಸಿದ್ದೇನೆ. ಅವತ್ತಿನಿಂದ ನೀವು ತಿಂಗಳಿಗೊಮ್ಮೆ ಅವರೊಡನೆ ಮಾತಾಡುತ್ತೀರಲ್ಲ, ಮುಂದಿನ ಸಲ ಕೇಳಿ ನೋಡಿ: ಇಂಥವನೊಬ್ಬ ಕರೆ ಮಾಡಬಹುದೇ ಎಂದು. ಹೂಂ ಎಂದರೆ ಮಾತ್ರ ನಂಬರು ಕೊಡಿ. ಬೇಡ ಎಂದರೆ, ಬೇಡ.