ಒಡೆದಿಟ್ಟ ಒಂದು ಪ್ರತಿ

ಮೊನ್ನೆ ಕೊರಿಯರಿನಲ್ಲಿ ಒಂದು ಪುಸ್ತಕ ಬಂತು. ಮೇಲಿನ ಪ್ಲಾಸ್ಟಿಕ್ ಹೊದಿಕೆ ಉಗುರಿಗೂ ಸಿಗದೆ, ಕೊನೆಗೆ ಈಳಿಗೆಮಣೆಗೆ ಹಿಡಿದು ಸೀಳಬೇಕಾಯಿತು. ಹೊಸ ಕಾಗದದ ವಾಸನೆ ಮೂಗಿಗೆ ಬಡಿದದ್ದೇ ತಡ, ಹಾಸನದ ಪುಸ್ತಕದಂಗಡಿಯ ಮಹಡಿ ಅಕ್ಕ ನೆನಪಾದರು... ಎರಡು ಪುಟ ಓದುವಷ್ಟರಲ್ಲೇ ಇದು ನನಗೆ ಬೇಕಾದ ಪುಸ್ತಕವಲ್ಲ ಎಂದು ತಿಳಿಯಿತು. ಕೊಳ್ಳುವ ಮೊದಲೇ ತಿರುವಿ ನೋಡಿದ್ದರೆ ಗೊತ್ತಾಗುತ್ತಿತ್ತು. ಈಗ ತಿರುವಲು ಬಿಡುವವರು ಯಾರು?

ಅದು ತೊಂಬತ್ತರ ದಶಕದ ಕೊನೆ. ನಾನಾಗ ಹಳ್ಳಿಮೈಸೂರಿನಲ್ಲಿ ಹೈಸ್ಕೂಲು ಟೀಚರು. ಶನಿವಾರ ಬೆಳಗಿನ ಶಾಲೆ ಮುಗಿಸಿ, ಹೊಳೆನರಸೀಪುರದಲ್ಲಿ ಬಸ್ಸು ಬದಲಿಸಿ ಹಾಸನಕ್ಕೆ ಓಡುತ್ತಿದ್ದೆ. ಊರೂರಲ್ಲಿ ಶಾಖೆಗಳಿದ್ದ ದೊಡ್ಡ ಕಂಪನಿಯೊಂದು ಅಲ್ಲಿ ಅಂಗಡಿ ತೆರೆದಿತ್ತು. ಕೆಳಗೆ ಪೆನ್ನು, ಆಟಿಕೆ, ಗ್ರೀಟಿಂಗ್ ಕಾರ್ಡು. ಮಹಡಿಯಲ್ಲಿ ಬರೀ ಪುಸ್ತಕ. ಮಹಡಿಯನ್ನು ನೋಡಿಕೊಳ್ಳುತ್ತಿದ್ದವರು ಅಕ್ಕ.

ಅವರು ಚನ್ನರಾಯಪಟ್ಟಣದ ಕಡೆಯವರು. ಅಪ್ಪ ಸಂತೆಯಲ್ಲಿ ಬೆಲ್ಲ ಮಾರುತ್ತಿದ್ದರಂತೆ. ಓದುವ ಗೀಳು ಅಕ್ಕನಿಗೆ ಏನೇನೂ ಇರಲಿಲ್ಲ. "ಪುಸ್ತಕ ಇಡ್ಕೊಂಡ್ರೆ ನಂಗೆ ನಿದ್ದೆ ಬತ್ತದೆ ಟೀಚರಮ್ಮ" ಎಂದು ಸಂಕೋಚವಿಲ್ಲದೆ ಹೇಳುತ್ತಿದ್ದರು. ಆದರೆ ಪ್ಲಾಸ್ಟಿಕ್ ಸುತ್ತಿ ಬಂದ ಪುಸ್ತಕ ಯಾವುದೇ ಇರಲಿ, ಅದರ ಒಂದು ಪ್ರತಿಯನ್ನು ಒಡೆದಿಡುತ್ತಿದ್ದರು. ಅದನ್ನು ಯಾರು ಬೇಕಾದರೂ ಕಿಟಕಿಯ ಬೆಂಚಿನ ಮೇಲೆ ಕೂತು ತಿರುವಬಹುದಿತ್ತು. ನಾನು ಹುಡುಕಿ ಬಂದದ್ದನ್ನು ಬಿಟ್ಟು ಬೇರೇನನ್ನೋ ಕೊಂಡು ಹೋಗುತ್ತಿದ್ದೆ. ಅರಕಲಗೂಡಿನ ಜೋಯಿಸರೊಬ್ಬರು ಪಂಚಾಂಗಕ್ಕೆಂದು ಬಂದು, ಪತ್ತೇದಾರಿ ಕಾದಂಬರಿಯಲ್ಲಿ ಮುಳುಗಿ ಬಸ್ಸು ತಪ್ಪಿಸಿಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ.

ಎರಡು ಸಾವಿರದ ಇಸವಿ ಕಳೆದ ಮೇಲೆ ಹೊಸ ಮ್ಯಾನೇಜರು ಬಂದ. ಇನ್ನು ಮೇಲೆ ಒಂದು ಪುಸ್ತಕವನ್ನೂ ಒಡೆಯಕೂಡದು, ಬೆಂಚು ತೆಗೆಯಬೇಕು ಎಂದು ನಮ್ಮೆಲ್ಲರೆದುರೇ ಅಕ್ಕನಿಗೆ ಹೇಳಿದ.

"ಸಂತೇಲಿ ಬೆಲ್ಲ ಬಾಯಿಗಾಕ್ಕಳ್ದೆ ಯಾರ್ ಸಾ ತಗತ್ತಾರೆ? ಇದ್ನೂ ಒಂಚೂರು ನೋಡ್ಲಿ ಬುಡಿ" ಎಂದರು ಅಕ್ಕ.

ಇನ್ನೊಂದು ಒಡೆದರೆ ಮಹಡಿಯ ಕೆಲಸ ಇರುವುದಿಲ್ಲ ಎಂದ ಆತ. ಮುಂದಿನ ಶನಿವಾರ ಹೊಸ ಕಟ್ಟು ಬಂದಿತ್ತು. ಅಕ್ಕ ಬ್ಲೇಡು ತೆಗೆದು, ಎಂದಿನಂತೆ ಒಂದೊಂದು ಪ್ರತಿಯನ್ನು ಒಡೆದು ಹೊರಗಿಟ್ಟರು. ಅದರ ಮರುವಾರ ನಾನು ಹೋದಾಗ ಅವರು ಕೆಳಗೆ, ಆಟಿಕೆಯ ಕೌಂಟರಿನಲ್ಲಿದ್ದರು.

ಮಹಡಿಯಲ್ಲೀಗ ಎಲ್ಲ ಪುಸ್ತಕಗಳೂ ಪ್ಲಾಸ್ಟಿಕ್ಕಿನೊಳಗೆ. ಜನ ಬೆನ್ನುಡಿ ಓದಿ, ಹಿಂದೆ ಮುಂದೆ ತಿರುಗಿಸಿ, ಇದ್ದಲ್ಲೇ ಇಟ್ಟು ಇಳಿದು ಹೋಗುತ್ತಿದ್ದರು. ಜೋಯಿಸರು ಮೆಟ್ಟಿಲು ಹತ್ತುವುದನ್ನೇ ಬಿಟ್ಟರು. ಕೆಲವೇ ವರ್ಷಗಳಲ್ಲಿ ಅಂಗಡಿ ಮುಚ್ಚುತ್ತಿದೆ ಎಂಬ ಬೋರ್ಡು ಬಿತ್ತು. ಯಾಕೆಂದು ಕೇಳಿದರೆ ಮ್ಯಾನೇಜರು, "ಈ ಊರಲ್ಲಿ ಓದೋರೇ ಇಲ್ಲ ಮೇಡಂ" ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಬಾಯಿ ತೆರೆಯುವ ಮೊದಲೇ ಆಟಿಕೆಯ ಕೌಂಟರಿನಿಂದ ಅಕ್ಕನ ದನಿ ಅಂಗಡಿ ತುಂಬ ಕೇಳಿಸಿತು.

"ಓದೋರಿಲ್ವಂತೆ! ತಟ್ಟೆ ಮ್ಯಾಲೆ ಮುಚ್ಚಳ ಬಿಗ್ದುಬುಟ್ಟು ಉಣ್ಣೋರೇ ಇಲ್ಲ ಅಂತಾನೆ ಕಣಮ್ಮಾ!"

ಆಮೇಲೆ ನಾನು ಅವರನ್ನು ನೋಡಲಿಲ್ಲ. ಊರಿಗೆ ಹೋದರೆಂದು ಕೇಳಿದ್ದೆ... ತೀರಿಕೊಂಡರೆಂದು ಎಷ್ಟೋ ವರ್ಷದ ಮೇಲೆ ಬಸ್ಸಿನಲ್ಲಿ ಯಾರೋ ಅಂದರು.

ನಿನ್ನೆ ಹಾಸನಕ್ಕೆ ಹೋಗಿದ್ದೆ. ಆ ಕಟ್ಟಡದಲ್ಲೀಗ ರೆಡಿಮೇಡ್ ಬಟ್ಟೆ ಅಂಗಡಿ. ಸುಮ್ಮನೆ ಮಹಡಿ ಹತ್ತಿದೆ. ಅಲ್ಲಿದ್ದ ಹುಡುಗಿ ಕುರ್ತಾವೊಂದನ್ನು ಕೈಗೆ ಕೊಟ್ಟು, ಟ್ರಯಲ್ ರೂಮಿನ ಪರದೆ ಸರಿಸಿದಳು.

"ಹಾಕ್ಕೊಂಡ್ ನೋಡಿ ಆಂಟಿ. ಇಷ್ಟ ಆಗ್ದಿದ್ರೆ ಬೇಡ ಬಿಡಿ."

ಒಳಗೆ ಹೋಗಿ ಕುರ್ತಾ ಹಿಡಿದುಕೊಂಡು ನಿಂತೆ. ಅಕ್ಕ ಜೊತೆಗಿದ್ದಿದ್ದರೆ ಇಬ್ಬರೂ ಸೇರಿ ಆ ಪುಸ್ತಕದಂಗಡಿಯ ಕಂಪನಿಗೆ ಚೆನ್ನಾಗಿ ಬೈಯುತ್ತಿದ್ದೆವು. ಒಬ್ಬಳೇ ಬೈಯಲು ಬಾಯಿ ಬರಲಿಲ್ಲ. ಅಳು ಬಂತು.